ಒಂದು ಮೊರ ತವುಡು

ಹೊಸ ತವುಡಿನ ವಾಸನೆ ಬಂದಾಗಲೆಲ್ಲ ಹುಲಿಗೆವ್ವನಿಗೆ ಚಿಕ್ಕಂದಿನ ಅಂಗಳ ನೆನಪಾಗುತ್ತಿತ್ತು. ಮಕ್ಕಳು ಉಳಿಯದ ಮನೆಯವರು ಹೊಸ ಕೂಸನ್ನು ಒಂದು ಮೊರ ತವುಡಿಗೆ ಅವಳ ಅಜ್ಜಿಗೆ ಮಾರಿ, ಸಾವಿನ ಕಣ್ಣು ತಪ್ಪಿಸಿ, ಮರುದಿನ ಮರಳಿ ಕೊಂಡು ಹೋಗುತ್ತಿದ್ದರು.

ಈಗ ಆ ಪದ್ಧತಿಯನ್ನು ಲೋಕವೇ ಹಿಡಿದಿತ್ತು. ಹೃದಯದಲ್ಲಿ ತೂತಿಟ್ಟುಕೊಂಡು ಹುಟ್ಟಿದ ಕೂಸುಗಳನ್ನು ಬೇರೆ ದೇಶದ ತಾಯಂದಿರು ಕೊಳ್ಳುತ್ತಿದ್ದರು. ಆಸ್ಪತ್ರೆಯ ಗೋಡೆಯ ಮೇಲೆ ದೇಶಗಳ ಹೆಸರುಗಳು ಒಂದರ ಕೆಳಗೊಂದು ಬೆಳಗುತ್ತಿದ್ದವು. ಮೇಲಿನ ದೇಶಗಳಲ್ಲಿ ಇಂಥ ಕೂಸುಗಳು ಬೆಳೆದು ಮೊಮ್ಮಕ್ಕಳನ್ನು ಕಾಣುತ್ತಿದ್ದವು; ಕೆಳಗಿನವುಗಳಲ್ಲಿ ತೊಟ್ಟಿಲು ದಾಟುತ್ತಿರಲಿಲ್ಲ. ಹುಲಿಗೆವ್ವನ ದೇಶ ತೀರ ಕೆಳಗಿತ್ತು; ಅವಳ ಮಡಿಲಲ್ಲಿದ್ದುದೂ ಅಂಥದೇ ಕೂಸು.

"ಮ್ಯಾಲಿನ ದೇಶದಾಕಿ ಒಬ್ಬಾಕಿ ಒಪ್ಯಾಳವ್ವ," ಎಂದಳು ನರ್ಸ್ ಶಾಂಭವಿ. "ತವುಡು ಅವ್ರಲ್ಲಿ ಸಿಗಂಗಿಲ್ಲಂತ, ಓಟ್ಸ್ ಕಳಿಸ್ಯಾಳ ನೋಡು!"

ಹುಲಿಗೆವ್ವ ನಗಲಿಲ್ಲ. "ಹೊಳ್ಳಿ ಕೊಳ್ಳೂದು ಯಾವಾಗ್ರಿ, ಅಕ್ಕಾರ?"

"ಹೊಳ್ಳಿ ಕೊಡಂಗಿಲ್ಲ, ತಂಗಿ. ಅಲ್ಲೇ ಬೆಳೀತದ. ನೀ ಯಾರಂತ ಅದಕ್ಕ ಹೇಳೂದೂ ಇಲ್ಲ."

"ನಾನು ಇಲ್ಲೇ ಇಟ್ಕೊಂಡ್ರ?"

ಶಾಂಭವಿ ಕೂಸಿನ ನೀಲಿಗಟ್ಟಿದ ಬೆರಳುಗಳ ಮೇಲೆ ಮೆಲ್ಲಗೆ ದುಪ್ಪಟಿ ಎಳೆದಳು.

"ಹಂಗಾರ ಒಯ್ಯಿರಿ," ಎಂದಳು ಹುಲಿಗೆವ್ವ. "ಎತ್ತುವಾಗ ತಲಿ ಹಿಡೀರಿ, ಕುತ್ತಿಗಿ ಇನ್ನೂ ನಿಂತಿಲ್ಲ."

ಬಾಗಿಲು ಮುಚ್ಚಿತು. ಕುಡಿಯುವವರಿಲ್ಲದ ಹಾಲು ಇಳಿದು ಕುಪ್ಪಸ ತೋಯ್ದಿತು. ಅವಳು ಗೋಡೆಗೆ ಹಣೆಯಿಟ್ಟು ಬಿಕ್ಕಿದಳು.

ಪಕ್ಕದ ಬೆಂಚಿನಲ್ಲಿ ಖಾಜಾಬಿ ಇದ್ದಳು. ಅವಳ ಮಡಿಲಲ್ಲಿದ್ದ ಕೂಸನ್ನು ಕೊಳ್ಳಲು ಯಾವ ದೇಶದವರೂ ಒಪ್ಪಿರಲಿಲ್ಲ. ಅವಳು ಒಂದು ಕೈಯಲ್ಲಿ ಕೂಸನ್ನು ಅವಚಿಕೊಂಡೇ ಇನ್ನೊಂದು ಕೈಯಿಂದ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಹುಲಿಗೆವ್ವನ ಕೈಗಿಟ್ಟಳು.