ನಡುವೆ ಮೂರು ರಾತ್ರಿ

"ಇನ್ಮೇಲೆ ಯಾರನ್ನೂ ಹೀಗೆ ಬೇರೆ ಮಾಡಕ್ಕೆ ಬಿಡಲ್ಲ ಕಣೇ" ಎಂದು ಅವಳು ಮಾತು ಕೊಟ್ಟದ್ದು ಮಕ್ಕಳ ರಕ್ಷಣೆಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ. ತಮ್ಮನನ್ನು ಹೊತ್ತೊಯ್ದ ಜೀಪಿನ ಹಿಂದೆ ಓಡಿ ಮಂಡಿ ತರಚಿಕೊಂಡಿದ್ದ ಹುಡುಗಿಯೊಬ್ಬಳಿಗೆ. ಆ ಮಾತು ನಿಯಮವಾಗುವಷ್ಟರಲ್ಲಿ ಅವಳ ಅರ್ಧ ತಲೆ ಬೆಳ್ಳಗಾಗಿತ್ತು. ಒಡಹುಟ್ಟಿದವರು ಒಂದೇ ಸೂರಿನಡಿ ಇರಬಹುದಾದ ಸರ್ಕಾರಿ ಮಕ್ಕಳ ಮನೆ ಸೋಮವಾರ ಬಾಗಿಲು ತೆರೆಯುವುದಿತ್ತು. ನಿರ್ದೇಶಕರ ಸಹಿಯೊಂದೇ ಬಾಕಿ.

ಇವತ್ತು ಶುಕ್ರವಾರ. ನಿರ್ದೇಶಕರ ಕೋಣೆಯ ಬಾಗಿಲಾಚೆ ಬೆಂಚಿನ ಮೇಲೆ ಅಕ್ಕ, ತಮ್ಮ. ಬಸ್ ನಿಲ್ದಾಣದಲ್ಲಿ ಸಿಕ್ಕವರು, ಹಿಂದೆ ಮುಂದೆ ಯಾರೂ ಇಲ್ಲದವರು. ಹಳೆಯ ನಿಯಮದಂತೆ ಅಕ್ಕ ಈ ಊರಿನ ಹುಡುಗಿಯರ ನಿಲಯಕ್ಕೆ, ತಮ್ಮ ಬೇರೊಂದು ಊರಿನ ಚಿಕ್ಕಮಕ್ಕಳ ನಿಲಯಕ್ಕೆ.

"ಮೂರು ರಾತ್ರಿ ಸರ್. ನಮ್ಮನೇಲಿ ಇಟ್ಕೋತೀನಿ. ನನ್ನ ಮಕ್ಕಳ ಜೊತೆ ಬಿದ್ಕೋತಾರೆ."

"ಹಾಗೆ ಇಟ್ಕೊಳ್ಳೋಕೆ ನಿಯಮ ಇದೆಯಾ?" ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಇಲ್ಲ."

"ಈ ಹೊಸ ಮನೆಗೆ ಅಡ್ಡಗಾಲು ಹಾಕೋಕೆ ಮೇಲಿನವರು ಕಾಯ್ತಾ ಕೂತಿದ್ದಾರೆ. ಇವತ್ತಿನ ನಿಯಮ ಮುರಿಯೋರು ನಾಳೆಯದನ್ನ ಏನು ನಡೆಸ್ತಾರೆ ಅಂದ್ರೆ ನಾನೇನು ಹೇಳ್ಲಿ? ಈ ಮಕ್ಕಳು ಅವರವರ ನಿಲಯಕ್ಕೆ ಹೊರಡ್ಲಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ಫೈಲು ತಗೊಂಡು ಹೋಗಿ."

"ಸೋಮವಾರ ಅವನನ್ನ ವಾಪಸ್ ಕರ್ಸ್ಕೋಬಹುದಾ?"

"ಆಗಲೇ ಬೇರೆ ಕಡೆ ಸೇರಿದ ಮಕ್ಕಳಿಗೆ ಹೊಸ ನಿಯಮ ಅನ್ವಯಿಸಲ್ಲ. ನೀವೇ ಬರೆದಿದ್ದಲ್ವೇನ್ರೀ?"

ಅವಳೇ ಬರೆದದ್ದು. ಅಷ್ಟು ಬಿಟ್ಟುಕೊಡದಿದ್ದರೆ ಹಣಕಾಸು ಇಲಾಖೆಯವರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ತಮ್ಮನನ್ನು ಒಯ್ಯಲು ಬಂದಿದ್ದ ಜೀಪು ಅಂಗಳದಲ್ಲಿ ಮತ್ತೆ ಹಾರ್ನ್ ಹೊಡೆಯಿತು. ಅವಳು ಹೊರಗೆ ಬಂದಳು. "ಕರ್ಕೊಂಡು ಹೋಗಪ್ಪಾ" ಅನ್ನಬೇಕಿತ್ತು. ಡ್ರೈವರಿಗೆ ಕೈಸನ್ನೆಯಷ್ಟೇ ಮಾಡಿದಳು.

ಅಕ್ಕ ಅಳಲಿಲ್ಲ. ಫ್ರಾಕಿನ ತುದಿಯಿಂದ ತಮ್ಮನ ಮೂಗು ಒರೆಸಿ, ಅವನ ಚಡ್ಡಿಯ ಗುಂಡಿ ಹಾಕಿ, "ರಾತ್ರಿ ಲೈಟ್ ಆರಿಸಬೇಡಿ ಅಂತ ಅಲ್ಲಿಯವರಿಗೆ ಹೇಳಿ ಅಂಕಲ್, ಇವ್ನು ಕಿರುಚ್ಕೋತಾನೆ" ಎಂದಳು.

ಜೀಪು ತಿರುವಿನಲ್ಲಿ ಮರೆಯಾಯಿತು. ಒಳಗೆ ನಿರ್ದೇಶಕರು ಸಹಿ ಹಾಕಿ, ಫೈಲನ್ನು ಮೇಜಿನ ಈ ತುದಿಗೆ ತಳ್ಳಿದರು.

ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲೆ ಕೂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಆಂಟಿ, ನಾವು ಸೋಮವಾರ ಸಿಕ್ಕಿದ್ದಿದ್ರೆ?"

ಸೋಮವಾರದಿಂದ ಆ ಹೊಸ ಮನೆಯಲ್ಲಿ ಯಾರನ್ನೂ ಬೇರೆ ಮಾಡಲಿಲ್ಲ.