ಅನಂತರಾಜು ಮನೆ ತೊಳೆದ ಸಂಜೆ

ಅನಂತರಾಜು ಬಚ್ಚಲಮನೆಯ ಬಾಗಿಲಲ್ಲಿ ಹಿಡಿದದ್ದೇ ತಡ, ವಿಕಿರಣ ಅಳೆಯುವ ಮೀಟರು ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯಿತು.

"ರೀ, ಏನದು? ಚಿಟಿಚಿಟಿ ಅಂತೈತಲ್ಲ?" ಹಿಂದಿನಿಂದ ಹೆಂಡತಿ ಜ್ಯೋತಿಲಕ್ಷ್ಮಿ ಬಂದಳು. ಮೀಟರು ಇನ್ನೂ ಜೋರಾಯಿತು.

"ಹೊಸಾ ರೇಡಿಯೋ. ಸ್ಟೇಷನ್ ಸಿಗ್ತಿಲ್ಲ."

"ಬಚ್ಚಲಲ್ಲಾ?"

ಅನಂತರಾಜು ಮೀಟರನ್ನು ಬೆನ್ನ ಹಿಂದೆ ಅಡಗಿಸಿದ. ಸುಳ್ಳು ಹೇಳುವುದರಲ್ಲಿ ಅವನು ಅಷ್ಟೇನೂ ಪಳಗಿರಲಿಲ್ಲ.

ಬಿಡದಿಯ ಕೈಗಾರಿಕಾ ಪ್ರದೇಶದ ಔಷಧ ಕಂಪನಿಯೊಂದರಲ್ಲಿ ಅವನು ವಿಜ್ಞಾನಿ. ಎಳೆಯ ಇಲಿಯ ಮೂಳೆ ಕ್ಯಾಲ್ಸಿಯಂ ಎಷ್ಟು ಹೀರುತ್ತದೆ, ಮುದಿ ಇಲಿಯದು ಎಷ್ಟು ಎಂದು ಅಳೆಯುವುದು ಅವನ ಕೆಲಸ. ಕ್ಯಾಲ್ಸಿಯಂ ಹೋದ ದಾರಿಯಲ್ಲೇ ಹೋಗುವ ವಿಕಿರಣದ ಮದ್ದನ್ನು ಇಲಿಗೆ ಒಂದಿಷ್ಟು ಚುಚ್ಚಿ, ಅದು ಎಲ್ಲಿ ಹೋಗಿ ಕೂತಿತೆಂದು ಹೊರಗಿನಿಂದಲೇ ಮೀಟರು ಹಿಡಿದು ಹುಡುಕಬೇಕು. ಅಲ್ಲಿನ ವಿಕಿರಣ ಸುರಕ್ಷತೆಯ ಅಧಿಕಾರಿಯೂ ಅವನೇ. 'ತಪಾಸಣೆಯಾಗದೆ ಹೊಸಿಲು ದಾಟಬೇಡಿ' ಎಂದು ಪ್ರಯೋಗಾಲಯದ ಬಾಗಿಲಿಗೆ ಬರೆದು ಅಂಟಿಸಿದ ದುಂಡು ಅಕ್ಷರವೂ ಅವನದೇ.

ಆ ಮಧ್ಯಾಹ್ನ ಮುದಿ ಇಲಿಯೊಂದು ಕೈಯಿಂದ ಜಾರಿ ಅವನ ಪ್ಯಾಂಟಿನ ಮೇಲೆ ಉಚ್ಚೆ ಹುಯ್ದಿತು. ಬಾಗಿಲ ಬಳಿ ತಪಾಸಣೆಗೆ ನಿಂತಿದ್ದವಳು ಕಿರಿಯ ಸಹಾಯಕಿ ರಮ್ಯಾ. ಕೈಗವಸು ಮರೆತದ್ದಕ್ಕೆ ಹಿಂದಿನ ವಾರವಷ್ಟೇ ಅವಳನ್ನು ಎಲ್ಲರೆದುರು ಅಳಿಸಿದ್ದ. ಈಗ ಒದ್ದೆ ಪ್ಯಾಂಟಿನಲ್ಲಿ ಅವಳ ಮುಂದೆ ನಿಲ್ಲುವುದೆಂದರೆ! ಮೀಟರನ್ನೇ ಚೀಲಕ್ಕೆ ತುರುಕಿ, ಚೀಲವನ್ನು ತೊಡೆಗೆ ಅಡ್ಡ ಹಿಡಿದು, ನೇರ ಕಂಪನಿ ಬಸ್ಸು ಹತ್ತಿದ. ರಾಮನಗರದವರೆಗೆ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ.

ಮನೆಗೆ ಬಂದು ಪ್ಯಾಂಟನ್ನು ಬಕೆಟ್ಟಿಗೆ ಹಾಕಿ ಲುಂಗಿ ಸುತ್ತಿಕೊಳ್ಳುವಷ್ಟರಲ್ಲಿ ಜ್ಯೋತಿ ಅದನ್ನು ಜಾಲಿಸಿ ಹಿಂಡಿ ತಂತಿಗೆ ಹಾಕಿಬಿಟ್ಟಿದ್ದಳು.

ಅವನು ತಂತಿಯ ಬಳಿ ಮೀಟರು ಹಿಡಿದ. ಪ್ಯಾಂಟು ಸುಮ್ಮನಿತ್ತು. ಚಪ್ಪಲಿ ಸುಮ್ಮನಿತ್ತು. ಅವನ ಕೈಕಾಲೂ ಸುಮ್ಮನಿದ್ದವು. ಸಿಡಿಯುತ್ತಿದ್ದದ್ದು ಬಚ್ಚಲು ಮತ್ತು ಜ್ಯೋತಿ.

ಎರಡು ಡಿಗ್ರಿ, ಒಂದು ಡಾಕ್ಟರೇಟಿನ ತಲೆ ತಕ್ಷಣ ಲೆಕ್ಕ ಹಾಕಿತು: ಪ್ಯಾಂಟಿನಲ್ಲಿದ್ದದ್ದು ಪೂರ್ತಿ ಇವಳಿಗೆ ಹತ್ತಿದೆ.

"ನೀವು ಬಚ್ಚಲಿಗೆ ಹೋಗ್ಬೇಡಿ. ನಾನು ಒಸಿ ನೀರು ಹುಯ್ದು ಬತ್ತೀನಿ," ಎಂದಳು ಜ್ಯೋತಿ.

"ನೀನು ಹೋಗ್ಬೇಡ!" ಅವನು ಕಿರುಚಿದ.

ಅವಳು ಬೆಚ್ಚಿ ನೋಡಿದಳು. ಬೆಳಿಗ್ಗೆ ಪಕ್ಕದ ಮನೆಯ ಬದ್ರುನ್ನೀಸಾ ಜೊತೆ ಸೀರೆ ನೋಡಲು ಬೆಂಗಳೂರಿಗೆ ಹೋಗಿದ್ದವಳು, ಯಾವುದೂ ಒಪ್ಪಲಿಲ್ಲವೆಂದು ಬರಿಗೈಲಿ ಬಂದಿದ್ದಳು. ಬಂದಾಗಿನಿಂದ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. "ಸೊಂಟ ಹಿಡ್ಕೊಂಡೈತೆ ಕಣ್ರೀ," ಎಂದು ಗೋಡೆಗೆ ಒರಗಿದಳು.

"ನಮ್ಮ ಮುದಿ ಇಲಿಗಳದ್ದೂ ಅದೇ ಕತೆ," ಎಂದ ಅನಂತರಾಜು, ಎಂದಿನ ಅಭ್ಯಾಸದಂತೆ. ಆಮೇಲೆ ಪೊರಕೆ ಹಿಡಿದ.

ಬಚ್ಚಲು ಉಜ್ಜಿದ. ಹಜಾರ ಸಾರಿಸಿದ. ಜ್ಯೋತಿ ಕೂತೆದ್ದ ಮಣೆಯನ್ನೂ ಬಿಡಲಿಲ್ಲ. ಸೋಪಿನಪುಡಿಯ ನೊರೆಯಲ್ಲಿ ಜಾರಿ ಬಿದ್ದ. ಬಿದ್ದಲ್ಲಿಂದಲೇ ಮೂಲೆ ಉಜ್ಜಿದ.

ಸದ್ದಿಗೆ ಬದ್ರುನ್ನೀಸಾ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. "ಅಯ್ಯೋ, ಸಾರು ಪೊರಕೆ ಹಿಡ್ದವ್ರೆ! ಮಳೆ ಬತ್ತದೆ ಬುಡಿ." ಮಗು ಜ್ಯೋತಿಯತ್ತ ಕೈಚಾಚಿತು. ದಿನವೂ ಅದನ್ನು ಕೆಳಗಿಳಿಸದ ಜ್ಯೋತಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇವತ್ತು ಬ್ಯಾಡ ಬಂಗಾರ. ನಾಳೆ ಎತ್ಕೋತೀನಿ."

ಬದ್ರುನ್ನೀಸಾ ಪಿಸುಗುಟ್ಟಿದಳು: "ಹೇಳಿದ್ರಾ?" ಜ್ಯೋತಿ ಇಲ್ಲವೆಂದು ತಲೆಯಾಡಿಸಿದಳು.

ಅನಂತರಾಜುವಿನ ಕೈಯಿಂದ ಪೊರಕೆ ಜಾರಿತು. ಇವಳಿಗೆ ಗೊತ್ತಾಗಿಬಿಟ್ಟಿದೆ. ತನಗೆ ಸೋಂಕಿದ್ದು ಗೊತ್ತಾಗಿಯೂ ಗಂಡನ ಮಾನ ಕಾಯುತ್ತಿದ್ದಾಳೆ. ಇಂಥವಳಿಗೆ ತಾನು ವಿಷವಿಟ್ಟೆನಲ್ಲ!

ಮರುದಿನ ಬೆಳಿಗ್ಗೆ ಬಚ್ಚಲಿನ ಸದ್ದು ಇಳಿದುಹೋಗಿತ್ತು. ಅವನಿಗೆ ಸೋಪಿನಪುಡಿಯ ಮೇಲೆ ಭಕ್ತಿಯೇ ಹುಟ್ಟಿತು. ತಿಂಗಳುಗಟ್ಟಲೆ ಕರಗದ ಮದ್ದು ಒಂದೇ ರಾತ್ರಿಗೆ ಹೋಯಿತೆಂದರೆ ತನ್ನ ತೋಳಿನ ಬಲ ಎಷ್ಟಿರಬೇಡ! ಇದರ ಮೇಲೊಂದು ಪ್ರಬಂಧ ಬರೆದರೆ ಹೇಗೆ ಎಂದೂ ಒಂದು ಗಳಿಗೆ ಯೋಚಿಸಿದ.

ಆಮೇಲೆ ಅಡುಗೆಮನೆಗೆ ಹೋಗಿ, ಕಾಫಿ ಸೋಸುತ್ತಿದ್ದ ಜ್ಯೋತಿಯ ಬೆನ್ನಿಗೆ ಮೀಟರು ಹಿಡಿದ. ಸದ್ದು ನಿನ್ನೆಗಿಂತ ತುಂಬ ಕಡಿಮೆ. ಆದರೆ ಇತ್ತು. ಬೆನ್ನುಮೂಳೆಯ ಉದ್ದಕ್ಕೂ ಇತ್ತು.

ಚರ್ಮವನ್ನು ತೊಳೆಯಬಹುದು. ಮೂಳೆಯನ್ನು ಹೇಗೆ ತೊಳೆಯುವುದು?

ಅವನು ಅಲ್ಲೇ ನೆಲಕ್ಕೆ ಕುಸಿದ. ಇಲಿ, ಪ್ಯಾಂಟು, ರಮ್ಯಾ, ಬಸ್ಸು ಎಲ್ಲವೂ ಒಟ್ಟಿಗೆ ಬಾಯಿಂದ ಹೊರಬಿತ್ತು. "ಹಾಳಾದ ಮರ್ಯಾದೆಗೆ ಹೆದರಿ ನಿನ್ನ ಮೂಳೆಗೆ ವಿಕಿರಣ ಸೇರಿಸಿಬಿಟ್ಟೆ ಜ್ಯೋತಿ! ಇವತ್ತೇ ಕೆಲಸ ಬಿಟ್ಬಿಡ್ತೀನಿ. ನಡಿ, ದೊಡ್ಡಾಸ್ಪತ್ರೆಗೆ ಹೋಗಾನ."

ಜ್ಯೋತಿಲಕ್ಷ್ಮಿ ಕಾಫಿ ಲೋಟ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಮೆಲ್ಲಗೆ ಅವನ ಪಕ್ಕ ಕೂತಳು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಳಬ್ಯಾಡಿ, ಮೂಳೆಗೇನೂ ಆಗಿಲ್ವಂತೆ, ಬರೀ ಸವೆತ ಅಂದ್ರು. ಸೊಂಟನೋವು ಅಂದಾಗೆಲ್ಲ ನೀವು ಇಲಿ ಕತೆ ಹೇಳ್ತಿದ್ರಲ್ಲ, ಅದಕ್ಕೇ ನಿಮ್ಗೆ ಹೇಳ್ದಂಗೆ ನಿನ್ನೆ ಬೆಂಗಳೂರಾಸ್ಪತ್ರೆಗೆ ಹೋಗಿ, ಮೂಳೆ ಸ್ಕ್ಯಾನಿಗೆ ಅಂತ ಅಂಥದ್ದೇ ಮದ್ದನ್ನ ನಾನೇ ಚುಚ್ಚಿಸ್ಕೊಂಡ್ ಬಂದೆ."