ಜೊತೆಗಾರನಿಗೆ ಹೇಳಿದ ಮಾತು

"ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ ಅಂದೆಯಂತೆ, ಹೌದಾ?" ಮಾರ್ಮನ್ ಎಂಬ ಕ್ರೈಸ್ತ ಪಂಥದ ಧರ್ಮಪ್ರಚಾರಕರ ಮೇಲ್ವಿಚಾರಕರು ಫೋನಿನಲ್ಲಿ ಮೆತ್ತಗೆ ಕೇಳಿದರು. ಹತ್ತೊಂಬತ್ತರ ಯುವಪ್ರಚಾರಕನ ಕಿವಿ ಬಿಸಿಯಾಯಿತು. ಆ ಮಾತನ್ನು ಅವನು ಹೇಳಿದ್ದು ಒಬ್ಬನಿಗೇ. ಮೊನ್ನೆ ಹೊಲದ ದಾರಿಯಲ್ಲಿ ಸೈಕಲ್‌ಗೆ ಪಂಕ್ಚರ್ ಹಾಕುತ್ತ ಕೂತಿದ್ದಾಗ, ದಿನವೂ ತನ್ನೊಡನೆ ಪ್ರಚಾರಕ್ಕೆ ಬರುವ ಜೊತೆಗಾರನಿಗೆ. "ನನ್ನ ಹೊಟ್ಟೇಲೇ ಇರುತ್ತೆ ಬಿಡು," ಅಂದಿದ್ದ ಆ ಜೊತೆಗಾರ.

"ಹೌದು, ಸರ್," ಎಂದು ಯುವಕ ಫೋನ್ ಇಟ್ಟ. ಜೊತೆಗಾರ ಬಾಗಿಲ ಬಳಿ ಬಿಳಿ ಅಂಗಿಗೆ ಹೆಸರಿನ ಕಪ್ಪು ಬಿಲ್ಲೆ ಸಿಕ್ಕಿಸಿಕೊಳ್ಳುತ್ತಿದ್ದ. ಪಿನ್ನು ಮೂರು ಸಲ ಕೈಜಾರಿತು.

"ನಿನ್ನ ಒಳ್ಳೇದಕ್ಕೇ ಹೇಳಿದೆ ಕಣೋ," ಎಂದ, ತಲೆ ಎತ್ತದೆ.

ಯುವಕ ಅವನ ಹಿಂದೆಯೇ ತನ್ನ ಸೈಕಲ್ ಹತ್ತಿದ. ಎರಡು ಮೈಲಿ ಉದ್ದಕ್ಕೂ ಎದುರಿನ ಬೆನ್ನ ಮೇಲೆ ಬೆವರು ಹರಡುವುದನ್ನೇ ನೋಡುತ್ತ ಪೆಡಲ್ ತುಳಿದ.

ಮೊದಲ ಮನೆಯಂಗಳದಲ್ಲಿ ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದ ಅಜ್ಜಿ ಇಬ್ಬರನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. "ಒಂದೇ ಥರ ಬಟ್ಟೆ. ಅಣ್ಣತಮ್ಮಂದಿರೇನಪ್ಪಾ?"

"ಹೌದಜ್ಜಿ, ದೇವರ ಮಕ್ಕಳೆಲ್ಲ..." ಎಂದು ಜೊತೆಗಾರ ದಿನಾ ಹೇಳುವುದನ್ನೇ ಶುರುಮಾಡಿದ.

"ಅಲ್ಲಜ್ಜಿ," ಎಂದ ಯುವಕ. "ಒಬ್ಬರನ್ನೊಬ್ಬರು ಬಿಟ್ಟು ಓಡಾಡಬಾರದು ಅಂತ ನಮಗೆ ನಿಯಮ. ಅಷ್ಟೆ."